56 ಬಂತು, ಕಬ್ಬಿಣ ಎಂದು ಬರೆದೆ, ಅದು ಸತುವಂತೆ. ತಪ್ಪಿದ್ದೆಲ್ಲಿ?

ಓದುಗರ ಪ್ರಶ್ನೆ: ಉಡುಪಿಯಲ್ಲಿ ಪಿಯುಸಿ ಓದುತ್ತಿದ್ದೇನೆ. ಪ್ರಾಕ್ಟಿಕಲ್‌ನಲ್ಲಿ ಹೆಸರು ಹೇಳದೆ ಲೋಹದ ಚೂರೊಂದನ್ನು ಕೊಟ್ಟರು. 0.100 ಗ್ರಾಂ ಲೋಹ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಪೂರ್ತಿ ಕರಗಿ, ನೀರಿನ ಮೇಲೆ 40.0 ಮಿಲಿ ಹೈಡ್ರೋಜನ್ ಸಿಕ್ಕಿತು. ಅಂದು ಲ್ಯಾಬಿನಲ್ಲಿ 30 ಡಿಗ್ರಿ ಸೆಲ್ಸಿಯಸ್, ಒತ್ತಡ 1008 ಹೆಕ್ಟೋಪಾಸ್ಕಲ್. 22,400ರಿಂದ ಭಾಗಿಸಿ ಲೆಕ್ಕ ಹಾಕಿದರೆ ಮೋಲಾರ್ ದ್ರವ್ಯರಾಶಿ 56 ಬಂತು. ಕಬ್ಬಿಣ ಎಂದು ಬರೆದೆ. ಅಲ್ಲ, ಸತು ಎಂದರು. ಲೆಕ್ಕ ಮೂರು ಸಲ ನೋಡಿದೆ, ಸರಿಯಾಗಿಯೇ ಇದೆ.

ಉತ್ತರ: ಗುಣಾಕಾರ ಭಾಗಾಕಾರ ಸರಿಯಿದೆ, ತಪ್ಪಿದ್ದು 22,400ರಲ್ಲಿ. ಒಂದು ಮೋಲ್ ಅನಿಲ 22,400 ಮಿಲಿ ಆಗುವುದು 0 ಡಿಗ್ರಿ, 760 ಮಿಮೀ ಪಾದರಸದ ಒತ್ತಡದಲ್ಲಿ, ಅದೂ ಒಣ ಅನಿಲಕ್ಕೆ. ಕರಾವಳಿಯ ಲ್ಯಾಬಿನಲ್ಲಿ 0 ಡಿಗ್ರಿ ಎಲ್ಲಿಂದ ಬರಬೇಕು? ನೀವು ಹಿಡಿದದ್ದು ಬಿಸಿಗೆ ಹಿಗ್ಗಿದ, ನೀರಾವಿ ಬೆರೆತ ಅನಿಲ. ಅದನ್ನು ಒಣ, ತಣ್ಣನೆಯ ಅನಿಲವೆಂದು ಲೆಕ್ಕ ಹಿಡಿದಾಗ ಮೋಲ್ ಜಾಸ್ತಿಯಾಯಿತು, ಲೋಹ ಹಗುರವಾಯಿತು. ಆ ತಪ್ಪು ನೇರವಾಗಿ ಕಬ್ಬಿಣದ 55.85ರ ಪಕ್ಕಕ್ಕೇ ತಂದು ನಿಲ್ಲಿಸಿದ್ದರಿಂದ ಅನುಮಾನವೂ ಬರಲಿಲ್ಲ.

ಈಗ ಸರಿಯಾದ ದಾರಿ. ಹೆಕ್ಟೋಪಾಸ್ಕಲ್ ಅನ್ನು 0.75ರಿಂದ ಗುಣಿಸಿದರೆ ಮಿಮೀ ಸಿಗುತ್ತದೆ: 1008ಕ್ಕೆ 756. ಅದರಲ್ಲಿ 30 ಡಿಗ್ರಿಯ ನೀರಾವಿಯ ಪಾಲು 32 ಮಿಮೀ ಕಳೆಯಿರಿ. ಹೈಡ್ರೋಜನ್ನಿನ ಪಾಲಿಗೆ ಉಳಿಯುವುದು 724.

ಮೋಲ್ = (724 × 0.0400) ÷ (62.36 × 303) = 0.001533 (0.0400 ಲೀಟರ್‌ನಲ್ಲಿ ಗಾತ್ರ, 62.36 ಲೀಟರ್-ಮಿಮೀ ಲೆಕ್ಕದ ಅನಿಲ ಸ್ಥಿರಾಂಕ, 303 ಕೆಲ್ವಿನ್‌ನಲ್ಲಿ ತಾಪ)

ಪ್ರತಿ ಹೈಡ್ರೋಜನ್ ಅಣುವಿನಲ್ಲಿ ಎರಡು ಪರಮಾಣು, ಆದ್ದರಿಂದ ಪರಮಾಣುಗಳ ಲೆಕ್ಕದಲ್ಲಿ 0.003066 ಮೋಲ್. 0.100 ಅನ್ನು ಇದರಿಂದ ಭಾಗಿಸಿದರೆ 32.6.

ಇದು ಇನ್ನೂ ಮೋಲಾರ್ ದ್ರವ್ಯರಾಶಿ ಅಲ್ಲ. ಒಂದು ಮೋಲ್ ಹೈಡ್ರೋಜನ್ ಪರಮಾಣು ಬಿಡುಗಡೆ ಮಾಡಲು ಎಷ್ಟು ಗ್ರಾಂ ಲೋಹ ಬೇಕು ಎಂಬುದಷ್ಟೇ. ವೇಲೆನ್ಸಿ, ಅಂದರೆ ಲೋಹದ ಒಂದು ಪರಮಾಣು ಬಿಡಿಸುವ ಹೈಡ್ರೋಜನ್ ಪರಮಾಣುಗಳ ಸಂಖ್ಯೆ, 1 ಇದ್ದರೆ 32.6, 2 ಇದ್ದರೆ 65.2, 3 ಇದ್ದರೆ 97.9. ಮೊದಲನೆಯದರ ಹತ್ತಿರ ಇರುವುದು ಗಂಧಕ, ಅದು ಲೋಹವೇ ಅಲ್ಲ. ಮೂರನೆಯದರ ಆಸುಪಾಸಿನ ಮಾಲಿಬ್ಡಿನಮ್ (95.95) ಸಾರರಿಕ್ತ ಹೈಡ್ರೋಕ್ಲೋರಿಕ್‌ನಲ್ಲಿ ಕರಗುವುದಿಲ್ಲ. ನಡುವಿನ 65.2ಕ್ಕೆ ಸತು, 65.38. ನೀವು ವೇಲೆನ್ಸಿ 2 ಎಂದು ಮೊದಲೇ ಊಹಿಸಿ ಗುಣಿಸಿದ್ದೀರಿ. ಈ ಸಲ ಅದು ಸರಿಹೋಯಿತು, ಅಲ್ಯೂಮಿನಿಯಂ ಕೊಟ್ಟಿದ್ದರೆ ಕೈಕೊಡುತ್ತಿತ್ತು. ಊಹೆ ಬೇಡವೆಂದರೆ ಲೋಹದ ವಿಶಿಷ್ಟೋಷ್ಣ (ಒಂದು ಗ್ರಾಂ ಲೋಹವನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಜೂಲ್) ಅಳೆಯಿರಿ. 1819ರಲ್ಲಿ ಡ್ಯೂಲಾಂಗ್ ಮತ್ತು ಪೆಟಿ ಕಂಡುಕೊಂಡ ನಿಯಮದಂತೆ 25 ಅನ್ನು ಅದರಿಂದ ಭಾಗಿಸಿದರೆ ಅಂದಾಜು ಮೋಲಾರ್ ದ್ರವ್ಯರಾಶಿ ಬರುತ್ತದೆ. ಸತುವಿಗೆ 0.39, ಅಂದರೆ 64. ಮೂರರಲ್ಲಿ ಯಾವುದೆಂದು ಹೇಳಲು ಅಷ್ಟು ಸಾಕು.

ನೀರಾವಿ ಕಳೆಯುವುದನ್ನು ಮಾತ್ರ ಮರೆತರೂ ಉತ್ತರ 62.5ಕ್ಕೆ ಇಳಿದು ತಾಮ್ರದ (63.55) ಆಸೆ ಹುಟ್ಟಿಸುತ್ತದೆ. ತಾಮ್ರ ಈ ಆಮ್ಲದಿಂದ ಹೈಡ್ರೋಜನ್ ಬಿಡಿಸುವುದೇ ಇಲ್ಲ ಎಂಬುದು ನೆನಪಿದ್ದರೆ ಅಲ್ಲೇ ಎಚ್ಚರವಾಗಬಹುದು.

ಇನ್ನು ಕೈಕೆಲಸ. ಹೆಚ್ಚಿನ ಅಂಕ ಕಳೆದುಹೋಗುವುದು ಬ್ಯೂರೆಟ್ಟಿನಲ್ಲಿ, ಅಂದರೆ ಅನಿಲ ಹಿಡಿಯುವ, ನಲ್ಲಿಯಿರುವ ಅಳತೆಯ ಗಾಜಿನ ಕೊಳವೆಯಲ್ಲಿ. ತಲೆಕೆಳಗು ಹಿಡಿದಾಗ 50ರ ಗೆರೆಯಿಂದ ನಲ್ಲಿಯವರೆಗೆ ಗುರುತಿಲ್ಲದ ಜಾಗವಿದೆ, ಅನಿಲ ಮೊದಲು ತುಂಬುವುದು ಅಲ್ಲೇ. ಅದನ್ನು ನೀರು ತುಂಬಿ ಮೊದಲೇ ಅಳೆದಿಡಿ. 4 ಮಿಲಿ ಬಿಟ್ಟುಹೋದರೆ 65 ಇದ್ದದ್ದು 72ಕ್ಕೆ ಏರುತ್ತದೆ. ಮೊದಲು 3 ಮೋಲಾರ್ ಆಮ್ಲ 10 ಮಿಲಿ ಹಾಕಿ, ಅದರ ಮೇಲೆ ಕಲಕದಂತೆ ಬಾಯಿಮಟ್ಟ ನೀರು ತುಂಬಿ, ತಾಮ್ರದ ತಂತಿಯಲ್ಲಿ ಸುತ್ತಿದ ಲೋಹವನ್ನು ಬಾಯಿಯಲ್ಲಿ ಸಿಕ್ಕಿಸಿ ಬೀಕರಿನ ನೀರಿಗೆ ಬೋರಲು ಹಾಕಿ. ನೀರಿಗಿಂತ ಭಾರವಾದ ಆಮ್ಲ ತಾನಾಗಿ ಇಳಿದು ಲೋಹವನ್ನು ಮುಟ್ಟುತ್ತದೆ. ಶುದ್ಧ ಸತು ನಿಧಾನಿ; ತಾಮ್ರ ತಾಗಿದ್ದರೆ ಬೇಗ ಕರಗುತ್ತದೆ, ಗುಳ್ಳೆಗಳು ತಂತಿಯ ಮೇಲಿಂದಲೂ ಏಳುವುದು ಕಾಣುತ್ತದೆ.

ಯಾವ ಲೋಹವೆಂದು ಗೊತ್ತಿಲ್ಲದಾಗ 0.03 ಗ್ರಾಂನಿಂದ ಶುರುಮಾಡಿ. 0.1 ಗ್ರಾಂ ಮೆಗ್ನೀಸಿಯಂ 107 ಮಿಲಿ ಅನಿಲ ಕೊಡುತ್ತದೆ, ಬ್ಯೂರೆಟ್ ಹಿಡಿಸದು. ಆದರೆ ಇಷ್ಟು ಕಡಿಮೆ ತೂಗಲು ಮಿಲಿಗ್ರಾಂ ತೋರಿಸುವ ತಕ್ಕಡಿಯೇ ಬೇಕು. ಮಳೆಗಾಲದ ನಮ್ಮ ಗಾಳಿಗೆ ಮೆಗ್ನೀಸಿಯಂ ರಿಬ್ಬನ್ ಬೇಗ ಮಂಕಾಗುತ್ತದೆ, ತೂಗುವ ಮುನ್ನ ಮರಳು ಕಾಗದದಿಂದ ಹೊಳಪು ಬರುವಷ್ಟು ಉಜ್ಜಿ. ಕರಗಿದ ಮೇಲೆ ಬ್ಯೂರೆಟ್ ತಣಿಯಲು ಬಿಟ್ಟು, ಎತ್ತರದ ಪಾತ್ರೆಯಲ್ಲಿ ಒಳಗಿನ ಹೊರಗಿನ ನೀರಿನ ಮಟ್ಟ ಒಂದೇ ಮಾಡಿ ಓದಿ. ಒಳಗೆ 15 ಸೆಂಮೀ ಮೇಲೆ ನಿಂತಿದ್ದರೆ 11 ಮಿಮೀ ಪಾದರಸ ಕಳೆಯಬೇಕು.

ಮೊಬೈಲಿನ ಹವಾಮಾನ ಆ್ಯಪ್ ಕೊಡುವುದು ಸಮುದ್ರಮಟ್ಟಕ್ಕೆ ಹೊಂದಿಸಿದ ಒತ್ತಡ. ಮಲ್ಪೆಯಲ್ಲಿ ಅದೇ ನಡೆಯುತ್ತದೆ. ಮಣಿಪಾಲದ ಗುಡ್ಡದ ಮೇಲಾದರೆ ಪ್ರತಿ 11 ಮೀಟರ್ ಎತ್ತರಕ್ಕೆ 1 ಮಿಮೀಯಂತೆ ಇಳಿಸಿಕೊಳ್ಳಿ.

ಸತುವೋ ಕಬ್ಬಿಣವೋ ಎಂಬ ಅನುಮಾನ ಉಳಿದರೆ ಎರಡು ನಿಮಿಷದ ಕೆಲಸವಿದೆ. ಕರಗಿಸುವ ಮುನ್ನ ಚೂರಿಗೆ ಅಯಸ್ಕಾಂತ ಹಿಡಿಯಿರಿ. ಕರಗಿದ ಮೇಲಾದರೆ ದ್ರಾವಣಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಹನಿಹನಿಯಾಗಿ ಹಾಕಿ. ಮೊದಲ ಹನಿಗಳನ್ನು ಉಳಿದ ಆಮ್ಲ ನುಂಗುತ್ತದೆ, ತಾಳ್ಮೆ ಬೇಕು. ಕಬ್ಬಿಣವಾದರೆ ಕೊಳಕು ಹಸಿರು ಬಣ್ಣದ ಗಷ್ಟು ಬಂದು, ಗಾಳಿ ತಾಗಿದ ಮೇಲ್ಭಾಗ ಕಂದಾಗುತ್ತದೆ. ಸತುವಾದರೆ ಬಿಳಿ ಗಷ್ಟು ಬಂದು, ಇನ್ನಷ್ಟು ಹಾಕಿದಾಗ ಕರಗಿ ತಿಳಿಯಾಗುತ್ತದೆ.