ಮರದ ಕೆತ್ತನೆ ಸ್ಪರ್ಧೆ: ವಿಭಾಗಗಳನ್ನು ಮತ್ತು ತೀರ್ಪನ್ನು ಒಂದು ಬಾತುಕೋಳಿಯಿಂದ ಕಲಿಯೋಣ

ಕೆತ್ತನೆ ಸ್ಪರ್ಧೆಯ ನಿಯಮಾವಳಿ ಕೈಗೆ ಬಂದಾಗ ಕಲಿಯುವವರು ಮೊದಲು ಹುಡುಕುವುದು ಪ್ರವೇಶ ಶುಲ್ಕ, ಕೊನೆಯ ದಿನಾಂಕ ಮತ್ತು ಬಹುಮಾನದ ಮೊತ್ತ. ವಿಭಾಗಗಳ ಪಟ್ಟಿಯ ಮೇಲೆ ಸುಮ್ಮನೆ ಕಣ್ಣಾಡಿಸಿ ಮುಂದೆ ಹೋಗುತ್ತೇವೆ. ಆದರೆ ಓದಲೇಬೇಕಾದ ಪಾಠ ಇರುವುದು ಆ ಪಟ್ಟಿಯಲ್ಲೇ. ಪ್ರತಿ ವಿಭಾಗದ ಹಿಂದೆಯೂ ತೀರ್ಪುಗಾರರು ಎಲ್ಲಕ್ಕಿಂತ ಮೊದಲು ಕೇಳುವ ಒಂದು ಪ್ರಶ್ನೆ ಇರುತ್ತದೆ. ಆ ಪ್ರಶ್ನೆ ಯಾವುದೆಂದು ಗೊತ್ತಿಲ್ಲದೆ ಉಳಿ ಹಿಡಿದರೆ ಕೆಲಸ ಎಷ್ಟೇ ಚೆನ್ನಾಗಿದ್ದರೂ ತಪ್ಪು ಮೇಜಿನ ಮೇಲೆ ಕೂರುತ್ತದೆ. ಗೊತ್ತಿದ್ದರೆ ಯಾವ ಮರ, ಎಷ್ಟು ಆಳ, ಬಣ್ಣ ಬೇಕೋ ಬೇಡವೋ ಎಂಬುದೆಲ್ಲ ಅರ್ಧ ಅಲ್ಲಿಯೇ ತೀರ್ಮಾನವಾಗಿಬಿಡುತ್ತದೆ.

ಇದನ್ನು ಅರ್ಥ ಮಾಡಿಕೊಳ್ಳಲು ನಾನು ಆರಿಸಿಕೊಂಡಿರುವುದು ಅಮೆರಿಕದ ನೀರುಹಕ್ಕಿ ಕೆತ್ತನೆ ಸ್ಪರ್ಧೆಗಳನ್ನು. ಮೇರಿಲ್ಯಾಂಡ್ ರಾಜ್ಯದ ಸಾಲಿಸ್‌ಬರಿಯಲ್ಲಿ 1971ರಲ್ಲಿ ಶುರುವಾಗಿ, ಆಮೇಲೆ ಬಹುಕಾಲ ಓಷನ್ ಸಿಟಿಯಲ್ಲಿ ನಡೆದ ವಾರ್ಡ್ ವಿಶ್ವ ಚಾಂಪಿಯನ್‌ಷಿಪ್ ಇವುಗಳಲ್ಲಿ ಹೆಸರಾಂತದ್ದು. ವಿಭಾಗಗಳ ತರ್ಕ ಇಷ್ಟು ಸ್ಪಷ್ಟವಾಗಿ ಕಾಣುವ ಸ್ಪರ್ಧೆ ನನಗೆ ಇನ್ನೊಂದು ಸಿಕ್ಕಿಲ್ಲ.

ಮೊದಲು ಸ್ವಲ್ಪ ಹಿನ್ನೆಲೆ

ಡಿಕಾಯ್ ಎಂದರೆ ಬಾತುಕೋಳಿ ಬೇಟೆಗಾರರು ನೀರಿನ ಮೇಲೆ ತೇಲಿಬಿಡುತ್ತಿದ್ದ ಮರದ ಹಕ್ಕಿ. ಅದನ್ನು ತಮ್ಮ ಜಾತಿಯದೇ ಎಂದು ನಂಬಿ ಮೇಲಿಂದ ಹಾರುವ ಹಿಂಡು ಕೆಳಗಿಳಿಯಬೇಕು. ಕೆತ್ತಿದವರು ಅದನ್ನು ಕಲೆಯೆಂದು ಕರೆಯಲಿಲ್ಲ, ಬೇಟೆಯ ಸಾಮಾನೆಂದೇ ತಿಳಿದಿದ್ದರು. 1918ರ ವಲಸೆ ಹಕ್ಕಿಗಳ ಕಾಯ್ದೆ ಮಾರಾಟಕ್ಕಾಗಿ ನಡೆಯುತ್ತಿದ್ದ ಬೇಟೆಗೆ ತಡೆ ಹಾಕಿತು. ಜೀವಂತ ಬಾತುಗಳನ್ನು ಕಟ್ಟಿ ಆಸೆ ತೋರಿಸುವ ಪದ್ಧತಿಗೆ 1935ರಲ್ಲಿ ನಿಷೇಧ ಬಂತು. ಅಷ್ಟರಲ್ಲಾಗಲೇ, 1923ರಲ್ಲಿ, ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡ್‌ನ ಬೆಲ್‌ಪೋರ್ಟ್‌ನಲ್ಲಿ ಡಿಕಾಯ್‌ಗಳಿಗೆಂದೇ ಒಂದು ಸ್ಪರ್ಧೆ ನಡೆದಿತ್ತು. ಬೇಟೆಯ ಸಾಮಾನು ನಿಧಾನವಾಗಿ ಕಪಾಟು ಸೇರತೊಡಗಿತು.

ವಾರ್ಡ್ ಸ್ಪರ್ಧೆಗೆ ಹೆಸರು ಬಂದಿರುವುದು ಕ್ರಿಸ್‌ಫೀಲ್ಡ್ ಊರಿನ ಲೆಮ್ ವಾರ್ಡ್ ಮತ್ತು ಸ್ಟೀವ್ ವಾರ್ಡ್ ಎಂಬ ಅಣ್ಣತಮ್ಮಂದಿರಿಂದ. ಇಬ್ಬರೂ ವೃತ್ತಿಯಲ್ಲಿ ಕ್ಷೌರಿಕರು. ಮರದಲ್ಲಿ ನೀರುಹಕ್ಕಿಗಳ ನಕಲು ತಯಾರಿಸುವವರು ಎಂದು ತಮ್ಮನ್ನು ತಾವೇ ಕರೆದುಕೊಂಡರು. ಬೇಟೆಯ ಡಿಕಾಯ್‌ನಿಂದ ಆರಂಭಿಸಿ ಅಲಂಕಾರದ ಕೆತ್ತನೆಯವರೆಗೆ ಈ ಕಲೆ ನಡೆದ ಇಡೀ ದಾರಿಯನ್ನು ಅವರು ತಮ್ಮ ಬದುಕಿನಲ್ಲೇ ನಡೆದರು. ಸ್ಪರ್ಧೆಯ ವಿಭಾಗಗಳು ಹುಟ್ಟಿದ್ದೂ ಆ ದಾರಿಯಿಂದಲೇ. ಒಂದು ತುದಿಯಲ್ಲಿ ಉಪಯೋಗ, ಇನ್ನೊಂದು ತುದಿಯಲ್ಲಿ ಶುದ್ಧ ರೂಪ.

ಒಂದೇ ಹಕ್ಕಿ, ಬೇರೆ ಬೇರೆ ಪ್ರಶ್ನೆ

ಸೂಜಿಬಾಲದ ಬಾತನ್ನು ತೆಗೆದುಕೊಳ್ಳೋಣ. ಉತ್ತರ ಅಮೆರಿಕದಲ್ಲಿ ಸಾಮಾನ್ಯವಾದ ಈ ಹಕ್ಕಿ ಚಳಿಗಾಲದಲ್ಲಿ ನಮ್ಮ ಕರ್ನಾಟಕದ ಕೆರೆಗಳಿಗೂ ಬರುತ್ತದೆ, ಹಾಗಾಗಿ ನೀವು ಸ್ವತಃ ನೋಡಿ ಅಭ್ಯಾಸ ಮಾಡಬಹುದು. ಗಂಡಿಗೆ ಚಾಕೊಲೇಟ್ ಕಂದು ತಲೆ, ಕುತ್ತಿಗೆಯ ಪಕ್ಕದಲ್ಲಿ ಮೇಲಕ್ಕೇರುವ ಬಿಳಿ ಪಟ್ಟಿ, ಪಕ್ಕೆಯ ಮೇಲೆ ಕೂದಲಿನಷ್ಟು ತೆಳುವಾದ ಬೂದು ಅಲೆಗೆರೆಗಳು, ಉದ್ದನೆಯ ಚೂಪು ಬಾಲ. ಹೆಣ್ಣಿಗೆ ಮೈಯೆಲ್ಲ ಕಂದು ಮಚ್ಚೆ.

ಇದನ್ನು ಬೇಟೆಯ ಡಿಕಾಯ್ ವಿಭಾಗಕ್ಕೆ ಕೆತ್ತಿದರೆ ತೀರ್ಪುಗಾರರ ಪ್ರಶ್ನೆ ಒಂದೇ: ಇದು ಕೆಲಸ ಮಾಡುತ್ತದೆಯೇ? ದೂರದಿಂದ ನೋಡಿದಾಗ ಇಂಥದೇ ಜಾತಿ ಎಂದು ಗುರುತು ಸಿಗಬೇಕು. ಹತ್ತಿರದಿಂದ ಮಾತ್ರ ಕಾಣುವ ಗರಿಯ ನಾರುಗಳಿಗೆ ಇಲ್ಲಿ ಬೆಲೆಯಿಲ್ಲ. ತಲೆ ಮತ್ತು ಎದೆಯ ಹೊರಗೆರೆಗಳು, ಕುತ್ತಿಗೆಯ ಬಿಳುಪು, ಬಾಲದ ಕೋನ ಸರಿಯಿದ್ದರೆ ಸಾಕು. ಬಣ್ಣ ಹೊಳೆಯಬಾರದು, ಏಕೆಂದರೆ ಬಿಸಿಲಿಗೆ ಮಿಂಚುವ ಬೆನ್ನು ಹಕ್ಕಿಗಳನ್ನು ಬೆದರಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ನೀರಿನದು. ತೊಟ್ಟಿಯ ನೀರಿಗೆ ಹಕ್ಕಿಯನ್ನು ಅಡ್ಡಲಾಗಿ ಅಥವಾ ತಲೆಕೆಳಗಾಗಿ ಹಾಕಿದರೆ ಅದು ತಾನೇ ಮಗುಚಿಕೊಂಡು ನೆಟ್ಟಗೆ ನಿಲ್ಲಬೇಕು. ಬೇಟೆಗಾರ ಕತ್ತಲಿರುವಾಗಲೇ ದೋಣಿಯಿಂದ ಒಂದೊಂದನ್ನೇ ನೀರಿಗೆ ಎಸೆಯುತ್ತಾನೆ, ನೆಟ್ಟಗೆ ನಿಲ್ಲಿಸುತ್ತ ಕೂರಲು ಅವನಿಗೆ ಸಮಯವಿಲ್ಲ. ನಿಯಮ ಬಂದಿರುವುದು ಅಲ್ಲಿಂದ.

ಈ ಪರೀಕ್ಷೆಯಲ್ಲಿ ಗೆಲ್ಲುವುದು ಕೆತ್ತನೆಯ ಕೊನೆಯಲ್ಲಿ ಯೋಚಿಸುವ ಮಾತಲ್ಲ. ತೂಕದ ಕೇಂದ್ರ ಆದಷ್ಟು ಕೆಳಗಿರಬೇಕು. ಅದಕ್ಕಾಗಿ ಮೈಯೊಳಗೆ ಟೊಳ್ಳು ಮಾಡುತ್ತಾರೆ, ಹೊಟ್ಟೆಯ ಕೆಳಗೆ ಉದ್ದಕ್ಕೆ ಒಂದು ಅಡಿಪಟ್ಟಿ ಕೂರಿಸಿ ಸೀಸದ ತೂಕ ಸೇರಿಸುತ್ತಾರೆ. ಸೂಜಿಬಾಲದ ಬಾತಿನಲ್ಲಿ ಕುತ್ತಿಗೆ ಉದ್ದ, ತಲೆ ಎತ್ತರದಲ್ಲಿರುತ್ತದೆ, ಆದ್ದರಿಂದ ಲೆಕ್ಕ ಇನ್ನೂ ಬಿಗಿ. ಆ ಉದ್ದ ಬಾಲ ಇನ್ನೊಂದು ತೊಡಕು: ಮೃದು ಮರದಲ್ಲಿ ಹಾಗೆಯೇ ಕೆತ್ತಿದರೆ ಚೀಲದೊಳಗೆ ಬಿದ್ದ ಮೊದಲ ದಿನವೇ ಮುರಿಯುತ್ತದೆ. ಕೆಲವರು ಗಟ್ಟಿ ಮರದ ತುಂಡನ್ನು ಬಾಲವಾಗಿ ಕೂರಿಸುತ್ತಾರೆ, ಕೆಲವರು ಮೋಟು ಮಾಡಿ ದಪ್ಪ ಬಿಡುತ್ತಾರೆ. ತೀರ್ಪುಗಾರರು ಕೈಯಿಂದ ಎತ್ತಿ ಅದನ್ನೇ ಮುಟ್ಟಿ ನೋಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ವಿಭಾಗ ಇಲ್ಲ. ಏನನ್ನು ಬಿಡಬೇಕು ಎಂದು ಇದು ಕಲಿಸುತ್ತದೆ, ಮತ್ತು ನೀರು ಯಾರ ಮುಖ ನೋಡಿಯೂ ಅಂಕ ಕೊಡುವುದಿಲ್ಲ.

ಇದರದೇ ಇನ್ನೊಂದು ರೂಪದಲ್ಲಿ ಒಂದೇ ಜಾತಿಯ ಮೂರು ಡಿಕಾಯ್‌ಗಳನ್ನು ಒಟ್ಟಾಗಿ ಇಡಬೇಕು. ಆಗ ಮೂರರ ಭಂಗಿ ಬೇರೆ ಬೇರೆ ಇದ್ದೂ ಒಂದೇ ಕೈಯಿಂದ ಬಂದಂತೆ ಕಾಣಬೇಕು.

ಈಗ ಅದೇ ಬಾತನ್ನು ಅಲಂಕಾರದ ತೇಲುವ ಜೋಡಿ ವಿಭಾಗಕ್ಕೆ ತನ್ನಿ. ಗಂಡು ಹೆಣ್ಣು ಎರಡೂ ಬೇಕು. ತೀರ್ಪು ನೀರಿನಲ್ಲಿಯೇ, ಆದರೆ ಪ್ರಶ್ನೆ ಬೇರೆ: ಜೀವಂತ ಹಕ್ಕಿಯಂತೆ ತೇಲುತ್ತಿದೆಯೇ? ಸೂಜಿಬಾಲ ಮೇಲ್ಮೈಯಲ್ಲಿ ಮೇಯುವ ಬಾತು. ಅದು ನೀರಿನ ಮೇಲೆ ಎತ್ತರವಾಗಿ ಕೂರುತ್ತದೆ, ಬಾಲ ಮೇಲಕ್ಕೆದ್ದಿರುತ್ತದೆ. ಮುಳುಗಿ ಆಹಾರ ಹುಡುಕುವ ಬಾತುಗಳು ತಗ್ಗಿ ತೇಲುತ್ತವೆ, ಬಾಲ ನೀರಿಗೆ ಹತ್ತಿರ. ಈ ನೀರಿನ ಗೆರೆ ಒಂದಿಷ್ಟು ಹೆಚ್ಚುಕಮ್ಮಿಯಾದರೂ, ಎಷ್ಟು ಸುಂದರವಾದ ಗರಿ ಬರೆದಿದ್ದರೂ, ಹಕ್ಕಿಯನ್ನು ಬಲ್ಲ ತೀರ್ಪುಗಾರನಿಗೆ ಅದು ಸುಳ್ಳಾಗಿ ಕಾಣುತ್ತದೆ. ಜೋಡಿಯ ನಡುವಿನ ಸಂಬಂಧವನ್ನೂ ನೋಡುತ್ತಾರೆ: ಎರಡು ಬಿಡಿ ಹಕ್ಕಿಗಳೋ, ಅಥವಾ ಒಂದು ಇನ್ನೊಂದರ ಕಡೆ ಗಮನ ಇಟ್ಟಿದೆಯೋ ಎಂದು.

ಸಹಜ ಗಾತ್ರದ ಅಲಂಕಾರ ವಿಭಾಗದಲ್ಲಿ ನೀರಿಲ್ಲ. ಪೀಠ, ಕಲ್ಲು, ಜೊಂಡು ಎಲ್ಲವನ್ನೂ ಕೆತ್ತನೆಗಾರನೇ ರಚಿಸುತ್ತಾನೆ. ಪ್ರಶ್ನೆ: ಅತಿ ಹತ್ತಿರದ ನೋಟವನ್ನು ಇದು ತಡೆದುಕೊಳ್ಳುತ್ತದೆಯೇ? ರೆಕ್ಕೆಯ ತುದಿಯ ಹಾರುಗರಿ ಬಾತುಗಳಲ್ಲಿ ಹತ್ತು. ಬಿಚ್ಚಿದ ರೆಕ್ಕೆಯಲ್ಲಿ ಅವನ್ನು ಎಣಿಸುತ್ತಾರೆ, ಎಡಬಲ ಹೋಲಿಸುತ್ತಾರೆ. ಪಕ್ಕೆಯ ಬೂದು ಅಲೆಗೆರೆಗಳು ಇಲ್ಲಿ ಬಣ್ಣದ ಕೈಗೆ ದೊಡ್ಡ ಪರೀಕ್ಷೆ. ಗೆರೆ ಒಂದೇ ಸಮನಾಗಿ ಓಡಿದರೆ ಬಟ್ಟೆಯ ಅಚ್ಚಿನಂತೆ ಕಾಣುತ್ತದೆ, ಗರಿಯಿಂದ ಗರಿಗೆ ಸ್ವಲ್ಪ ಕಡಿದು ಮತ್ತೆ ಮುಂದುವರಿಯಬೇಕು. ಗರಿಯ ನಾರುಗಳನ್ನು ಬಿಸಿ ಮೊನೆಯಿಂದ ಸುಟ್ಟು ಎಳೆಯುತ್ತಾರೆ. ಆ ಸುಟ್ಟ ಗೆರೆಗಳ ದಿಕ್ಕು ತಪ್ಪಿದರೆ ಬಣ್ಣ ಅದನ್ನು ಮುಚ್ಚುವುದಿಲ್ಲ. ಈ ಕೆಲಸಕ್ಕೆ ಬಾಸ್‌ವುಡ್ ಅಥವಾ ಟ್ಯುಪೆಲೊ ಎಂಬ ಮರ ಬಳಸುವುದು ಹೆಚ್ಚು. ಟ್ಯುಪೆಲೊ ಜೌಗಿನಲ್ಲಿ ಬೆಳೆಯುತ್ತದೆ, ಅದರ ಬುಡದ ಉಬ್ಬಿದ ಭಾಗ ಹಗುರ ಮತ್ತು ಕೆತ್ತಲು ಹದ.

ಕಿರುಗಾತ್ರದ ವಿಭಾಗ ಸುಲಭವೆಂದು ಅನೇಕರು ನಂಬಿದ್ದಾರೆ. ಗಾತ್ರ ಚಿಕ್ಕದಾದಂತೆ ಬಣ್ಣದ ದಪ್ಪವೂ ಗೆರೆಯ ಅಗಲವೂ ಅದೇ ಪ್ರಮಾಣದಲ್ಲಿ ಇಳಿಯಬೇಕು, ಅದೇ ಕಷ್ಟ.

ಕೊನೆಯದು ಭಾವಶಿಲ್ಪದ ವಿಭಾಗ. ಗರಿ, ಅಲೆಗೆರೆ, ಗಾಜಿನ ಕಣ್ಣು ಯಾವುದನ್ನೂ ಇಲ್ಲಿ ಹುಡುಕುವುದಿಲ್ಲ. ಮರದ ಎಳೆ ಮತ್ತು ರೂಪದ ಓಟದಲ್ಲೇ ಆ ಹಕ್ಕಿಯ ಸ್ವಭಾವ ಹೊರಬಂದಿದೆಯೇ ಎಂಬುದು ಪ್ರಶ್ನೆ. ಸೂಜಿಬಾಲದ ಬಾತಿನಲ್ಲಿ ಕುತ್ತಿಗೆಯಿಂದ ಬಾಲದ ತುದಿಯವರೆಗಿನ ಒಂದೇ ಉದ್ದ ಗೆರೆ ಸಾಕಾಗಬಹುದು. ಸಾಗರ, ಸೊರಬದ ಗುಡಿಗಾರರ ಶ್ರೀಗಂಧದ ಕುಸುರಿ ನೋಡಿ ಬೆಳೆದ ಕಣ್ಣಿಗೆ ಈ ವಿಭಾಗ ಮೊದಲು ಖಾಲಿಯೆನಿಸುತ್ತದೆ. ಅಲ್ಲಿ ಒಂದಿಂಚು ಜಾಗವನ್ನೂ ಬರಿದಾಗಿ ಬಿಡದೆ ಬಳ್ಳಿ, ಹೂವು, ಮಣಿ ತುಂಬುವುದೇ ಕೌಶಲ. ಇಲ್ಲಿ ಬರಿದಾಗಿ ಬಿಟ್ಟ ಮೇಲ್ಮೈಯೇ ಮಾತಾಡಬೇಕು, ಅದರ ಮೇಲೆ ಒಂದು ಉಳಿಯ ಗೀರು ಉಳಿದರೂ ಎದ್ದು ಕಾಣುತ್ತದೆ. ಎರಡೂ ಕಷ್ಟದ ಕೆಲಸ. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯುವುದು ಅನ್ಯಾಯ. ವಿಭಾಗಗಳು ಬೇಕಾಗಿರುವುದೇ ಈ ಕಾರಣಕ್ಕೆ.

ಹೊಸದಾಗಿ ಕೆತ್ತಿ ಹಳೆಯ ಡಿಕಾಯ್‌ನಂತೆ ಕಾಣುವಂತೆ ಮಾಡುವ ವಿಭಾಗವೂ ಉಂಟು. ಸವೆತ ಎಲ್ಲಿ ಇರಬೇಕೋ ಅಲ್ಲೇ ಇರಬೇಕು: ಕೈ ಹಿಡಿಯುವ ಕುತ್ತಿಗೆಯಲ್ಲಿ, ಲಂಗರಿನ ಹಗ್ಗ ಉಜ್ಜುವ ಎದೆಯಲ್ಲಿ. ಎಲ್ಲೆಂದರಲ್ಲಿ ಬಣ್ಣ ಕೆರೆದರೆ ಅದು ಹಳತಾಗಿ ಕಾಣದೆ ಹಾಳಾದಂತೆ ಕಾಣುತ್ತದೆ.

ಹಕ್ಕಿಯಾಚೆಗಿನ ಕೆತ್ತನೆಗಳು

ಅಯೋವಾ ರಾಜ್ಯದಲ್ಲಿ ನಡೆದುಕೊಂಡು ಬಂದಿರುವ ಅಂತರರಾಷ್ಟ್ರೀಯ ಮರಕೆತ್ತನೆಗಾರರ ಕಾಂಗ್ರೆಸ್‌ನಂಥ ಸಾಮಾನ್ಯ ಪ್ರದರ್ಶನಗಳಲ್ಲಿ ವಿಭಾಗಗಳು ಇನ್ನೂ ಹಲವು. ದುಂಡು ಶಿಲ್ಪ, ಉಬ್ಬುಕೆತ್ತನೆ, ಜ್ಯಾಮಿತೀಯ ಚಿಪ್ ಕೆತ್ತನೆ, ವ್ಯಂಗ್ಯಾಕೃತಿ, ಊರುಗೋಲು ಎಂದು ಪಟ್ಟಿ ಉದ್ದವಾಗುತ್ತದೆ. ಪ್ರಶ್ನೆ ಮಾತ್ರ ಆಯಾ ವಿಭಾಗದ್ದೇ.

ಉಬ್ಬುಕೆತ್ತನೆಯಲ್ಲಿ ಹಲಗೆಯ ದಪ್ಪ ಕಡಿಮೆ, ಆದರೆ ಆಳದ ಭ್ರಮೆ ಬೇಕು. ಮುಂದಿನ ವಸ್ತು ಹಿಂದಿನದರ ಮೇಲೆ ಒರಗಿದೆಯೇ, ಅಂಚಿನ ಅಡಿಯನ್ನು ಒಳಗೆ ಕೊರೆದು ನೆರಳು ತಂದಿದ್ದಾರೆಯೇ, ಹಿನ್ನೆಲೆ ಸಮತಟ್ಟಾಗಿದೆಯೇ, ಮೂಲೆಗಳಲ್ಲಿ ಮರದ ನಾರು ಉಳಿದಿದೆಯೇ ಎಂದು ನೋಡುತ್ತಾರೆ. ಮೂಲೆಯಲ್ಲಿ ಉಳಿದ ನಾರಿನಿಂದ ಬಹುಮಾನದ ರಿಬ್ಬನ್ ಕಳೆದುಕೊಂಡ ಕೆಲಸಗಳು ಬಹಳ. ಚಿಪ್ ಕೆತ್ತನೆಯಲ್ಲಿ ಪ್ರತಿ ಗೀರೂ ಚಾಕುವಿನ ಒಂದೇ ಎಳೆತದಲ್ಲಿ ಬಿದ್ದು ಮರದ ಚೂರು ಸ್ವಚ್ಛವಾಗಿ ಎದ್ದಿರಬೇಕು. ತಳದಲ್ಲಿ ಗೆರೆಗಳು ಒಂದೇ ಬಿಂದುವಿನಲ್ಲಿ ಸೇರಬೇಕು, ಪೆನ್ಸಿಲ್ ಗುರುತು ಉಳಿಯಬಾರದು. ಉಪ್ಪುಕಾಗದದಿಂದ ಉಜ್ಜಿದರೆ ಏಣು ಮೊಂಡಾಗಿ ಅಂದ ಕೆಡುತ್ತದೆ.

ವ್ಯಂಗ್ಯಾಕೃತಿಗೆ ಅಮೆರಿಕದಲ್ಲಿ 1990ರಲ್ಲಿ ಸ್ಥಾಪನೆಯಾದ ಕ್ಯಾರಿಕೇಚರ್ ಕಾರ್ವರ್ಸ್ ಆಫ್ ಅಮೆರಿಕ ಎಂಬ ಸಂಘವೇ ಇದೆ. ಮೂಗು ದೊಡ್ಡದು ಮಾಡಿದ ಮಾತ್ರಕ್ಕೆ ವ್ಯಂಗ್ಯಾಕೃತಿ ಆಗುವುದಿಲ್ಲ. ಉತ್ಪ್ರೇಕ್ಷೆಯ ಕೆಳಗೆ ಮೂಳೆ, ಕೀಲು, ಮೈತೂಕ ಸರಿಯಿರಬೇಕು, ನೋಡಿದ ತಕ್ಷಣ ಒಂದು ಕತೆ ತಿಳಿಯಬೇಕು.

ತೀರ್ಪು ನಡೆಯುವ ಬಗೆ

ಹೆಚ್ಚಿನ ಕಡೆ ಅಂಕಪಟ್ಟಿಗಿಂತ ಹೋಲಿಕೆಯೇ ಪ್ರಧಾನ. ಕೃತಿಗಳ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ತೀರ್ಪುಗಾರರು ಮೇಜಿನ ಸುತ್ತ ನಡೆದು, ಸ್ಪರ್ಧೆಯಲ್ಲಿ ಉಳಿಯದ ಕೃತಿಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸುತ್ತಾರೆ. ಕೊನೆಯಲ್ಲಿ ಉಳಿದ ಕೆಲವನ್ನು ಎತ್ತಿ, ತಿರುಗಿಸಿ, ತಳವನ್ನೂ ನೋಡಿ, ಮಾತಾಡಿಕೊಂಡು ಒಂದು, ಎರಡು, ಮೂರನೆಯ ರಿಬ್ಬನ್ ಕಟ್ಟುತ್ತಾರೆ. ಹೀಗೆ ಒಂದೊಂದು ಚಿಕ್ಕ ವರ್ಗದಲ್ಲಿ ಗೆದ್ದವು ಮೇಲಿನ ಗುಂಪಿಗೆ ಹೋಗುತ್ತವೆ, ಗುಂಪುಗಳಲ್ಲಿ ಗೆದ್ದವು ಇಡೀ ಪ್ರದರ್ಶನದ ಅತ್ಯುತ್ತಮ ಕೃತಿ ಎಂಬ ಗೌರವಕ್ಕೆ ಸೆಣಸುತ್ತವೆ. ನಿಮ್ಮ ಕೆಲಸಕ್ಕೆ ಎರಡನೆಯ ಸ್ಥಾನ ಬಂದರೆ ಅದು ಆ ದಿನ, ಆ ಮೇಜಿನ ಮೇಲೆ ಪಕ್ಕದಲ್ಲಿದ್ದ ಕೃತಿಗಳ ಎದುರು ಬಂದ ಸ್ಥಾನ.

ಮಟ್ಟಗಳ ವಿಷಯ ಸರಿಯಾಗಿ ತಿಳಿದಿರಲಿ. ಮಕ್ಕಳು, ಹೊಸಬರು, ಮಧ್ಯಮ, ಮುಕ್ತ ಎಂಬ ಮಟ್ಟ ನಿರ್ಧಾರವಾಗುವುದು ಕೆತ್ತಿದವರ ಅನುಭವದಿಂದ, ಕೃತಿಯ ಗುಣದಿಂದಲ್ಲ. ಒಂದು ಮಟ್ಟದಲ್ಲಿ ನಿಯಮ ಹೇಳುವಷ್ಟು ಗೆದ್ದ ಮೇಲೆ ಮೇಲೆ ಹೋಗಲೇಬೇಕು, ಕೆಳಗೆ ಇಳಿಯುವಂತಿಲ್ಲ. ಕೆಳಗಿನ ಮಟ್ಟದಲ್ಲಿ ಸುಲಭದ ಗೆಲುವು ಹುಡುಕುವುದನ್ನು ತಡೆಯಲು ಇದು ಬೇಕೇ ಬೇಕು, ಮತ್ತು ಅದನ್ನು ನಾವೇ ಪ್ರಾಮಾಣಿಕವಾಗಿ ಪಾಲಿಸಬೇಕು.

ಕೃತಿಯನ್ನು ಹೊರಗಿಡುವ ನಿಯಮಗಳು ಸ್ಪರ್ಧೆಯಿಂದ ಸ್ಪರ್ಧೆಗೆ ಬದಲಾಗುತ್ತವೆ. ಆದರೂ ಕೆಲವು ಪದೇಪದೇ ಸಿಗುತ್ತವೆ: ಕೃತಿ ಪೂರ್ತಿ ಒಬ್ಬರದೇ ಕೈಯದಾಗಿರಬೇಕು, ಗುರುವಿನ ತರಗತಿಯಲ್ಲಿ ಅವರ ಮಾರ್ಗದರ್ಶನದಲ್ಲಿ ಕೆತ್ತಿದ್ದಾಗಿರಬಾರದು, ನಕಲು ಯಂತ್ರ ಅಥವಾ ಗಣಕಯಂತ್ರದಿಂದ ಕೊರೆದಿರಬಾರದು, ಹಿಂದೆ ಅದೇ ಸ್ಪರ್ಧೆಯಲ್ಲಿ ಗೆದ್ದಿರಬಾರದು. ಅರೆಕೆತ್ತಿದ ಮರದ ತುಂಡನ್ನು ಅಂಗಡಿಯಿಂದ ತಂದು ಮುಗಿಸಿದ ಕೆಲಸಕ್ಕೆ ಕೆಲವೆಡೆ ಬೇರೆ ವರ್ಗ, ಕೆಲವೆಡೆ ಪ್ರವೇಶವೇ ಇಲ್ಲ. ಗಾಜಿನ ಕಣ್ಣು ಕೊಂಡು ತರಬಹುದು. ಎರಕದ ಕಾಲುಗಳ ಬಗ್ಗೆ ನಿಯಮ ಓದಿಯೇ ತೀರ್ಮಾನಿಸಿ.

ನಮ್ಮ ದೇಶದಲ್ಲಿ ಮರದ ಕುಶಲಕರ್ಮಿಗಳು ಹೆಚ್ಚು ಕೇಳಿರುವುದು 1965ರಿಂದ ಕೊಡಲಾಗುತ್ತಿರುವ ರಾಷ್ಟ್ರೀಯ ಕರಕುಶಲ ಪ್ರಶಸ್ತಿಯನ್ನು. 2002ರಲ್ಲಿ ಶಿಲ್ಪಗುರು ಎಂಬ ಮೇಲಿನ ಗೌರವವೂ ಸೇರಿತು. ಅದರ ತರ್ಕ ಬೇರೆ: ಒಂದು ಮೇಜಿನ ಮೇಲೆ ಒಂದೇ ಬಗೆಯ ಕೃತಿಗಳನ್ನು ಹೋಲಿಸುವ ಬದಲು, ಪರಂಪರೆಯೊಂದರಲ್ಲಿ ದುಡಿದ ಕರ್ಮಿಯನ್ನು ಗುರುತಿಸುವುದು. ಶ್ರೀಗಂಧದ ಕೆತ್ತನೆ ಅಲ್ಲಿ ಲೋಹ, ನೇಯ್ಗೆ, ಮಣ್ಣಿನ ಕೆಲಸಗಳ ಜೊತೆ ನಿಲ್ಲುತ್ತದೆ. ಅಲ್ಲಿಗೆ ಕಳಿಸುವ ಕೃತಿಯನ್ನೂ ಹಕ್ಕಿ ಸ್ಪರ್ಧೆಗೆ ಕಳಿಸುವ ಕೃತಿಯನ್ನೂ ಒಂದೇ ಮನಸ್ಸಿನಿಂದ ತಯಾರಿಸಲಾಗದು.

ಒಂದು ಕೊನೆಯ ಸಲಹೆ. ತೀರ್ಪಿನ ನಂತರ ಹಲವು ಸ್ಪರ್ಧೆಗಳಲ್ಲಿ ತೀರ್ಪುಗಾರರು ಕೃತಿಯ ಮುಂದೆ ನಿಂತು ಕೆತ್ತಿದವರೊಂದಿಗೆ ಮಾತಾಡಲು ಸಮಯ ಕೊಡುತ್ತಾರೆ. ತಪ್ಪದೆ ಹೋಗಿ. ನೀವು ನೋಡಿ ಕೆತ್ತಿದ ಹಕ್ಕಿಯ ಫೋಟೊಗಳನ್ನು ಜೊತೆಗೆ ಒಯ್ಯಿರಿ. ‘ನನಗೇಕೆ ಬಹುಮಾನ ಬರಲಿಲ್ಲ’ ಎಂದು ಕೇಳುವುದಕ್ಕಿಂತ ‘ಈ ಹಕ್ಕಿಯನ್ನು ಯಾವ ಹಂತದಲ್ಲಿ ಪಕ್ಕಕ್ಕೆ ಸರಿಸಿದಿರಿ, ಆಗ ಏನು ಕಂಡಿತು’ ಎಂದು ಕೇಳಿ. ನೀರಿನ ಗೆರೆ ಎಂದೋ, ಬಾಲದ ಬುಡ ಎಂದೋ, ಕಣ್ಣು ಎಡಬಲ ಏರುಪೇರು ಎಂದೋ ಅವರು ಬೆರಳಿಟ್ಟು ತೋರಿಸುತ್ತಾರೆ. ಅದನ್ನು ಅಲ್ಲೇ ಬರೆದುಕೊಳ್ಳಿ, ಜೊತೆಗೆ ಗೆದ್ದ ಕೃತಿಯಲ್ಲಿ ಅದೇ ಜಾಗವನ್ನು ಹೇಗೆ ಮಾಡಿದ್ದಾರೆ ಎಂಬುದನ್ನೂ ನೋಡಿಕೊಂಡು ಬನ್ನಿ.