ಕ್ಯಾನ್ ಲೈನ್ ಟಿಪ್ಪಣಿ: ಡಬ್ಬಿ ಬದಲಿಸುವ ಮೊದಲು ಮೀಟರ್ ಹಿಡಿಯಿರಿ

ಮಾನಿಟರ್ ಮೇಲೆ ‘ಇಂಜಿನ್ ಕಂಟ್ರೋಲರ್ ಕಮ್ಯುನಿಕೇಶನ್ ಎರರ್’ ಅಂತ ಬಂದದ್ದೇ ತಡ, ನಮ್ಮ ಕಡೆ ಗಾಡಿ ಮಾಲೀಕರು ಕೇಳುವ ಮೊದಲ ಪ್ರಶ್ನೆ: ‘ಹಳೇ ಇಸಿಎಂ ಎಲ್ಲಿ ಸಿಗತೈತ್ರಿ?’ ಇಸಿಎಂ ಅಂದರೆ ಇಂಜಿನ್ ನಡೆಸುವ ಕಂಟ್ರೋಲರ್ ಡಬ್ಬಿ. ಆದರೆ ಆ ಕೋಡ್ ಹೇಳುವುದು ಇಷ್ಟೇ: ಬರಬೇಕಾದ ಸಂದೇಶ ನನಗೆ ಬಂದಿಲ್ಲ. ಕಳಿಸುವವನು ಸತ್ತಿದ್ದಾನೋ, ಅವನಿಗೆ ಕರೆಂಟ್ ಸಿಗುತ್ತಿಲ್ಲವೋ, ನಡುವೆ ವೈರ್ ಹರಿದಿದೆಯೋ ಎಂಬುದು ಕೋಡ್‌ಗೆ ಗೊತ್ತಿರುವುದಿಲ್ಲ. ದೂರು ಕೊಟ್ಟವನ ಹೆಸರು ಬೇರೆ, ಕಳ್ಳನ ಹೆಸರು ಬೇರೆ.

ಬೆಳಗಾವಿಯ ಉದ್ಯಮಬಾಗದಲ್ಲಿ ಕೆಲಸ ಕಲಿತ ನಾನು ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದು ಇಳಕಲ್ ಹತ್ತಿರದ ಒಂದು ಗ್ರಾನೈಟ್ ಕ್ವಾರಿಯಲ್ಲಿ. 20 ಟನ್ನಿನ ಸೆಕೆಂಡ್ ಹ್ಯಾಂಡ್ ಎಕ್ಸ್‌ಕವೇಟರ್. ಬೆಳಿಗ್ಗೆ ಸರಿಯಾಗಿ ಓಡುತ್ತದೆ, ಮಧ್ಯಾಹ್ನ ಬಿಸಿಯೇರಿದ ಮೇಲೆ ಮಾನಿಟರ್‌ನಲ್ಲಿ ಆರ್‌ಪಿಎಂ ಕಾಣೆಯಾಗುತ್ತದೆ, ಇಂಜಿನ್ ರೇಸ್ ಏರುವುದಿಲ್ಲ. ಅದರ ಕಥೆಗೆ ಬರುವ ಮೊದಲು ಕ್ಯಾನ್ ಲೈನ್ ಹೇಗಿರುತ್ತದೆ ನೋಡೋಣ.

ಕ್ಯಾನ್ ಎಂಬುದು ಗಾಡಿಯ ಕಂಟ್ರೋಲರ್‌ಗಳು ತಮ್ಮೊಳಗೆ ಸಂದೇಶ ಕಳಿಸಿಕೊಳ್ಳಲು ಬಾಷ್ ಕಂಪನಿ 1986ರಲ್ಲಿ ಹೊರತಂದ ಪದ್ಧತಿ. ಭಾರೀ ಯಂತ್ರಗಳಲ್ಲಿ ಅದರ ಮೇಲೆ ಜೆ1939 ಎಂಬ ಭಾಷೆ ನಡೆಯುತ್ತದೆ, ಸಾಮಾನ್ಯವಾಗಿ ಸೆಕೆಂಡಿಗೆ 250 ಕಿಲೋಬಿಟ್ ವೇಗದಲ್ಲಿ. ಇಂಜಿನ್, ಪಂಪ್, ಮಾನಿಟರ್ ಕಂಟ್ರೋಲರ್‌ಗಳೆಲ್ಲ ಒಂದಕ್ಕೊಂದು ಹೆಣೆದ ಎರಡೇ ವೈರ್ ಮೇಲೆ ಮಾತಾಡುತ್ತವೆ: ಕ್ಯಾನ್ ಹೈ, ಕ್ಯಾನ್ ಲೋ. ಹಳದಿ ಹೈ, ಹಸಿರು ಲೋ ಎಂಬುದು ಜೆ1939ರ ಬಣ್ಣ. ಆದರೆ ಹಳೇ ಗಾಡಿಯಲ್ಲಿ ಬಣ್ಣ ನಂಬಬೇಡಿ. ಹಿಂದಿನವನ ಕೈಗೆ ಯಾವ ವೈರ್ ಸಿಕ್ಕಿತ್ತೋ ಅದನ್ನೇ ಜೋಡಿಸಿರುತ್ತಾನೆ.

ಲೈನಿನ ಎರಡೂ ತುದಿಗೆ ಹೈ–ಲೋ ನಡುವೆ 120 ಓಮ್ ತಡೆಯ ಒಂದೊಂದು ರೆಸಿಸ್ಟರ್ ಇರುತ್ತದೆ. ಹೋದ ಸಿಗ್ನಲ್ ತುದಿಗೆ ಬಡಿದು ವಾಪಸ್ ಬಂದು ಗದ್ದಲ ಮಾಡಬಾರದು ಅಂತ ಅದು. ಎರಡೂ ಸಮಾನಾಂತರವಾಗಿರುವುದರಿಂದ ಹೈ–ಲೋ ನಡುವೆ ಮೀಟರ್ ಇಟ್ಟರೆ 60 ಓಮ್ ಆಸುಪಾಸು ಬರಬೇಕು. ಅಳೆಯುವಾಗ ಕೀ ಆಫ್, ಬ್ಯಾಟರಿ ಕಟ್ ಆಫ್ ಸ್ವಿಚ್ಚೂ ಆಫ್. ಕರೆಂಟ್ ಇದ್ದಾಗ ಓಮ್ ನೋಡಿದರೆ ಮೀಟರ್ ಬಾಯಿಗೆ ಬಂದದ್ದು ಹೇಳುತ್ತದೆ. 9 ಪಿನ್ನಿನ ಗುಂಡು ಡಯಗ್ನೋಸ್ಟಿಕ್ (ತಪಾಸಣೆಯ) ಪ್ಲಗ್ ಇದ್ದರೆ ಸಿ ಮತ್ತು ಡಿ ಪಿನ್ ನಡುವೆ ಅಳೆಯಿರಿ. ಬೇರೆ ಪ್ಲಗ್ ಇದ್ದರೆ ಆ ಗಾಡಿಯ ಸರ್ಕ್ಯೂಟ್ ನೋಡಿ.

120 ಬಂದರೆ ಒಂದು ತುದಿ ಕಡಿದಿದೆ. 40 ಬಂದರೆ ಯಾರೋ ಮೂರನೇ ರೆಸಿಸ್ಟರ್ ಸೇರಿಸಿದ್ದಾರೆ. ಸೊನ್ನೆ ಹತ್ತಿರ ಬಂದರೆ ಎರಡೂ ವೈರ್ ಅಂಟಿಕೊಂಡಿವೆ. ಇಲ್ಲಿ ನಾನು ಒಮ್ಮೆ ಎಡವಿದ್ದೇನೆ: ಕೆಲವು ಕಂಟ್ರೋಲರ್‌ಗಳ ಹೊಟ್ಟೆಯೊಳಗೇ ರೆಸಿಸ್ಟರ್ ಇರುತ್ತದೆ. ಅಂಥದರ ಪ್ಲಗ್ ಬಿಚ್ಚಿದರೆ ಅದರ ರೆಸಿಸ್ಟರೂ ಲೈನಿನಿಂದ ಹೋಗುತ್ತದೆ. ಅದು ತಿಳಿಯದೆ ಅಳೆದು ‘120 ಬಂತು, ಸಿಕ್ಕಿತು ಕಳ್ಳ’ ಅಂದುಕೊಂಡು ಅರ್ಧ ದಿನ ಕಳೆದೆ.

ಮತ್ತೆ ಕ್ವಾರಿಗೆ. ಬೆಳಿಗ್ಗೆ ಅಳೆದರೆ 61. ಮಧ್ಯಾಹ್ನ ಎರರ್ ಬಂದ ತಕ್ಷಣ ಗಾಡಿ ನಿಲ್ಲಿಸಿ, ಬಿಸಿ ಆರುವ ಮೊದಲೇ ಅಳೆದರೆ 119. ಒಂದು ತುದಿ ಹೋಗಿದೆ, ಆದರೆ ಯಾವುದು? ಈ ಗಾಡಿಯ ಒಂದು ರೆಸಿಸ್ಟರ್ ಸೀಟಿನ ಹಿಂದೆ, ಇನ್ನೊಂದು ಇಂಜಿನ್ ಬದಿ. ಕ್ಯಾಬಿನ್ ಪ್ಲಗ್‌ನಲ್ಲಿ ಮೀಟರ್ ಇಟ್ಟುಕೊಂಡೇ ಸೀಟಿನ ಹಿಂದಿನದನ್ನು ಕಿತ್ತೆ. ಮೀಟರ್ ಏನೂ ತೋರಿಸಲಿಲ್ಲ. ಅಂದರೆ ಕಾಣುತ್ತಿದ್ದ 119 ಇದರದ್ದೇ. ಇಂಜಿನ್ ಬದಿಯದು ಲೈನಿನಲ್ಲೇ ಇಲ್ಲ. ಆರ್‌ಪಿಎಂ ಕಾಣೆಯಾಗಿದ್ದಕ್ಕೂ ಇದಕ್ಕೂ ತಾಳೆಯಾಯಿತು: ರೆಸಿಸ್ಟರ್ ಜೊತೆ ಇಂಜಿನ್ ಕಂಟ್ರೋಲರ್ ಕೂಡ ಕಡಿದ ಜಾಗದ ಆಚೆ ಉಳಿದಿತ್ತು. ಬರೀ ರೆಸಿಸ್ಟರ್ ಬಿಟ್ಟಿದ್ದರೆ ಇಷ್ಟು ಗಿಡ್ಡ ಲೈನಿನಲ್ಲಿ ಗಾಡಿ ಹೇಗೋ ಮಾತಾಡಿಕೊಂಡು ಹೋಗುವುದೂ ಉಂಟು.

ಕ್ಯಾಬಿನ್ ತಳದಿಂದ ಇಂಜಿನ್ ಕಡೆಗೆ ಹೋಗುವ ಹಾರ್ನೆಸ್ (ವೈರುಗಳ ಕಟ್ಟು) ಬೆರಳಲ್ಲಿ ಸವರುತ್ತಾ ಬಂದಾಗ ಒಂದು ಕಡೆ ದಪ್ಪ ಗಂಟು ಸಿಕ್ಕಿತು. ಟೇಪ್ ಬಿಚ್ಚಿದರೆ ಒಳಗೆ ಗ್ರಾನೈಟ್ ಧೂಳು ಎಣ್ಣೆಯ ಜೊತೆ ಕಲಸಿ ಕಡ್ಲಿಹಿಟ್ಟಿನ ಹದಕ್ಕೆ ಬಂದಿತ್ತು. ಅದರೊಳಗೆ ಬರೀ ತಿರುಚಿ ಸುತ್ತಿದ ಜಾಯಿಂಟ್, ತಾಮ್ರ ಕಪ್ಪಾಗಿ ಹಸಿರು ಕಿಲುಬು ಹಿಡಿದಿದೆ. ಬಿಸಿಗೆ ಸಡಿಲಾಗಿ ಬಿಡುವುದು, ತಣ್ಣಗಾದರೆ ಮತ್ತೆ ಹಿಡಿಯುವುದು. ಕಪ್ಪಾದ ಭಾಗ ಪೂರ್ತಿ ಕತ್ತರಿಸಿ, ಹೊಸ ತುಂಡು ಸೇರಿಸಿ ಕ್ರಿಂಪ್ ಮಾಡಿ (ಲೋಹದ ಕೊಳವೆಯಲ್ಲಿ ಒತ್ತಿ ಜೋಡಿಸಿ), ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ ಹಾಕಿದೆ. ಹೆಣಿಗೆಯನ್ನೂ ಇಂಚಿಗೊಂದು ಸುತ್ತಿನಂತೆ ವಾಪಸ್ ಕೊಟ್ಟೆ. ಆ ಹೆಣಿಗೆ ಅಂದಕ್ಕಲ್ಲ. ಕಂಟ್ರೋಲರ್ ನೋಡುವುದು ಎರಡೂ ವೈರಿನ ವ್ಯತ್ಯಾಸವನ್ನು; ಹೊರಗಿನ ಗದ್ದಲ ಎರಡರ ಮೇಲೂ ಸಮನಾಗಿ ಬಿದ್ದರೆ ಅದು ಲೆಕ್ಕಕ್ಕೇ ಬರುವುದಿಲ್ಲ.

60 ಓಮ್ ಸರಿಯಿದ್ದೂ ಎರರ್ ಬಂದರೆ ಕೀ ಆನ್ ಮಾಡಿ ಒಂದೊಂದೇ ವೈರಿಗೂ ಗಾಡಿಯ ಅರ್ಥ್ ಪಾಯಿಂಟಿಗೂ ನಡುವೆ ವೋಲ್ಟ್ ನೋಡಿ. ಸುಮ್ಮನಿದ್ದಾಗ ಎರಡೂ 2.5, ಮಾತಾಡುವಾಗ ಹೈ 3.5ಕ್ಕೆ ಏರುತ್ತದೆ, ಲೋ 1.5ಕ್ಕೆ ಇಳಿಯುತ್ತದೆ. ಮೀಟರ್ ಸರಾಸರಿ ತೋರಿಸುವುದರಿಂದ ಹೈ 2.5ಕ್ಕಿಂತ ಸ್ವಲ್ಪ ಮೇಲೆ, ಲೋ ಸ್ವಲ್ಪ ಕೆಳಗೆ ಕಾಣಬೇಕು. ಒಂದು ವೈರ್ ಸೊನ್ನೆಗೆ ಕೂತಿದ್ದರೆ ಅದು ಗಾಡಿಯ ಲೋಹದ ಮೈಗೆ ತಾಗಿದೆ. ಆಗ ಕೀ ಆಫ್ ಮಾಡಿ ಒಂದು ಕಂಟ್ರೋಲರ್ ಬಿಚ್ಚಿ, ಮತ್ತೆ ಆನ್ ಮಾಡಿ ನೋಡುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ ಲೈನ್ ಏಳುತ್ತದೋ ಅದೋ, ಅದರ ಕವಲು ವೈರೋ ಕಾರಣ. ಎಲ್ಲ ಬಿಚ್ಚಿದ ಮೇಲೆ ಲೈನಿಗೆ ವೋಲ್ಟ್ ಕೊಡುವವರೇ ಇರುವುದಿಲ್ಲ; ಆಗ ಕರೆಂಟ್ ಆಫ್ ಮಾಡಿ ಆ ವೈರಿಗೂ ಗಾಡಿಯ ಲೋಹದ ಮೈಗೂ ನಡುವೆ ಓಮ್ ನೋಡಿ, ಸೊನ್ನೆ ಹತ್ತಿರ ಬಂದರೆ ಹಾರ್ನೆಸ್ ಎಲ್ಲೋ ಲೋಹಕ್ಕೆ ಉಜ್ಜಿದೆ. ಟೆಸ್ಟ್ ಲ್ಯಾಂಪ್ (ಕರೆಂಟ್ ಪರೀಕ್ಷಿಸುವ ಬಲ್ಬ್) ಮಾತ್ರ ಕ್ಯಾನ್ ವೈರಿಗೆ ಮುಟ್ಟಿಸಬೇಡಿ.

ಲ್ಯಾಂಪ್‌ನ ಜಾಗ ಬೇರೆ ಇದೆ. ಒಂದೇ ಕಂಟ್ರೋಲರ್ ಸುಮ್ಮನಿದ್ದರೆ ಅದರ ಪ್ಲಗ್ ಬಿಚ್ಚಿ, ಸಪ್ಲೈ ಮತ್ತು ಅರ್ಥ್ ಪಿನ್ ನಡುವೆ 24 ವೋಲ್ಟ್ 21 ವ್ಯಾಟ್ ಬಲ್ಬ್ ಉರಿಸಿ. ಒಂದೇ ಎಳೆ ಉಳಿದ ವೈರಿನಲ್ಲೂ ಮೀಟರ್ ಪೂರ್ತಿ 24 ತೋರಿಸುತ್ತದೆ. ಬಲ್ಬ್ ಮಂಕಾಗಿ ಉರಿದು ಸತ್ಯ ಹೇಳುತ್ತದೆ. ಬಕೆಟ್‌ಗೆ ವೆಲ್ಡಿಂಗ್ ಮಾಡಿದ ಮೇಲೆ ಶುರುವಾದ ತೊಂದರೆ ಅಂತ ಡ್ರೈವರ್ ಹೇಳಿದರೆ ಅರ್ಥ್ ಪಾಯಿಂಟ್‌ಗಳನ್ನೇ ಮೊದಲು ನೋಡಿ.

ಇಷ್ಟೆಲ್ಲ ಆದ ಮೇಲೂ ಡಬ್ಬಿಯೇ ಕೆಟ್ಟಿದೆ ಅನ್ನಿಸಿದರೆ ಪಾರ್ಟ್ ನಂಬರ್ ಜೊತೆ ಸಾಫ್ಟ್‌ವೇರ್ ನಂಬರನ್ನೂ ಹೊಂದಿಸಿ ನೋಡಿ. ಕ್ವಾರಿಯ ಮಾಲೀಕರು ನಾವು ಹೋಗುವ ಮೊದಲೇ ಒಂದು ಹಳೇ ಇಸಿಎಂ ತಂದಿಟ್ಟಿದ್ದರು. ಲೈನ್ ಸರಿಯಾದ ಮೇಲೆ ನೋಡಿದರೆ ಅದು ಬೇರೆ ಮಾಡೆಲ್ ಗಾಡಿಯದು. ‘ವಾಪಸ್ ಕೊಡ್ರಿ ಅಣ್ಣಾರ’ ಅಂದೆ. ‘ಎಲೆಕ್ಟ್ರಿಕ್ ಸಾಮಾನು ವಾಪಸ್ ಇಲ್ಲಂತ ಬಿಲ್ ಮ್ಯಾಲೆ ಬರದಾರಪಾ’ ಅಂದರು.