ಕಂಬಿ ಎಷ್ಟು ಹಿಗ್ಗುತ್ತದೆ ಎಂದೂ ಕೇಳಿ

ತುಮಕೂರಿನ ಕ್ಯಾತಸಂದ್ರ, ಬಟವಾಡಿ ಕಡೆ ಮನೆ ಕಟ್ಟಿಸುವವರು ನಮ್ಮ ಲ್ಯಾಬಿಗೆ ಕಂಬಿ ತುಂಡು ತಂದಾಗ ಕೇಳುವುದು ಒಂದೇ: "ಸಾರ್, ಗಟ್ಟಿ ಇದೆಯಾ?" ರಿಪೋರ್ಟಿನ ಬಲದ ಸಾಲಿನಲ್ಲಿ 500ಕ್ಕಿಂತ ಜಾಸ್ತಿ ಕಂಡರೆ ಸಮಾಧಾನದಿಂದ ಹೊರಡುತ್ತಾರೆ. ಅದರ ಕೆಳಗಿನ ಸಾಲನ್ನೂ ದಯವಿಟ್ಟು ಓದಿ. ಮುರಿಯುವಷ್ಟರಲ್ಲಿ ಕಂಬಿ ಎಷ್ಟು ಉದ್ದವಾಯಿತು ಎಂದು ಹೇಳುವ ಸಾಲು ಅದು.

ನಾವು ಮೊದಲು ಮಾಡುವುದು ತುಂಡಿನ ಉದ್ದ ಅಳೆದು ತೂಕ ನೋಡುವುದು. ಟಿಎಂಟಿ ಕಂಬಿಯ (ಈಗ ಮನೆಗೆ ಬಳಸುವ, ಹೊರಪದರ ಗಟ್ಟಿಮಾಡಿದ ಕಂಬಿ) ಮೈಯೆಲ್ಲ ಏಣುಗಳಿರುವುದರಿಂದ ದಪ್ಪ ಅಳೆದರೆ ಲೆಕ್ಕ ಕೆಡುತ್ತದೆ. ತೂಕದಿಂದಲೇ ಅಡ್ಡಕೊಯ್ತದ ವಿಸ್ತೀರ್ಣ ತೆಗೆಯಬೇಕು. 12 ಎಂಎಂ ಕಂಬಿ ಮೀಟರಿಗೆ ಸುಮಾರು 888 ಗ್ರಾಂ ತೂಗಬೇಕು. ಆಮೇಲೆ ಉದ್ದಕ್ಕೂ ಗುರುತು ಹಾಕುತ್ತೇವೆ. ಎಲ್ಲಿ ಮುರಿಯುತ್ತದೋ ಮೊದಲೇ ಗೊತ್ತಿರುವುದಿಲ್ಲ, ಅಲ್ವಾ?

ಯುಟಿಎಂ ಎಂಬ ಎಳೆದು ಪರೀಕ್ಷಿಸುವ ಯಂತ್ರ ಎರಡೂ ತುದಿ ಹಿಡಿದು ನಿಧಾನಕ್ಕೆ ಎಳೆಯುತ್ತದೆ. ಅವಸರ ಮಾಡಿದರೆ ಇರುವುದಕ್ಕಿಂತ ಹೆಚ್ಚಿನ ಅಂಕಿ ಬರುತ್ತದೆ. ಶುರುವಿನಲ್ಲಿ ಎಳೆತ ಬಿಟ್ಟರೆ ಕಂಬಿ ಮೊದಲಿನ ಉದ್ದಕ್ಕೇ ವಾಪಸ್ ಬರುತ್ತದೆ. ಒಂದು ಹಂತ ದಾಟಿದರೆ ಬರುವುದಿಲ್ಲ. ಆ ಹಂತವೇ ಯೀಲ್ಡ್. ಕಂಬಿಯ ದರ್ಜೆ ಎಫ್‌ಇ 500 ಎಂದರೆ ಅಲ್ಲಿ ಚದರ ಮಿಲಿಮೀಟರಿಗೆ ಕನಿಷ್ಠ 500 ನ್ಯೂಟನ್. 12 ಎಂಎಂ ಕಂಬಿಗೆ ಐದೂಮುಕ್ಕಾಲು ಟನ್ ನೇತುಹಾಕಿದಷ್ಟು! ಅದರಾಚೆಗೂ ಭಾರ ಏರುತ್ತದೆ. ಕೊನೆಗೆ ಒಂದು ಕಡೆ ಸಣ್ಣಗಾಗಿ, ದೊಡ್ಡ ಸದ್ದಿನೊಂದಿಗೆ ಮುರಿಯುತ್ತದೆ.

ನನಗೆ ಮುಖ್ಯವಾದ ಕೆಲಸ ಇರುವುದು ಇದಾದ ಮೇಲೆ. ಎರಡು ತುಂಡನ್ನೂ ಒತ್ತಿ ಜೋಡಿಸಿ, ಗುರುತುಗಳ ನಡುವೆ ಮತ್ತೆ ಅಳೆಯುತ್ತೇವೆ. 60 ಎಂಎಂ ಇದ್ದದ್ದು 69.6 ಆಗಿದ್ದರೆ ಶೇ 16 ಹಿಗ್ಗಿದೆ. ಕಂಬಿಯ ಭಾರತೀಯ ಮಾನದಂಡ ಐಎಸ್ 1786 ಪ್ರಕಾರ 500ಡಿ ಕಂಬಿಗೆ (ಡಿ ಎಂದರೆ ಡಕ್ಟೈಲ್, ಹೆಚ್ಚು ಹಿಗ್ಗುವಂಥದ್ದು) ಕನಿಷ್ಠ ಇಷ್ಟು ಬೇಕು. ಬರೀ 500ಕ್ಕೆ 12 ಸಾಕು, 550ಕ್ಕೆ 10. ನೋಡಿ, ಬಲದ ಅಂಕಿ ಏರಿದಾಗ ಹಿಗ್ಗುವ ಅಂಕಿ ಇಳಿದಿದೆ. ಭಾರ ಮಿತಿ ಮೀರಿದಾಗ ಹಿಗ್ಗುವ ಕಂಬಿಯಿದ್ದರೆ ತೊಲೆ ಬಾಗುತ್ತದೆ, ಬಿರುಕು ಕಾಣುತ್ತದೆ, ಒಳಗಿದ್ದವರಿಗೆ ಹೊರಗೆ ಬರಲು ಹೊತ್ತು ಸಿಗುತ್ತದೆ. ಹಿಗ್ಗದ ಕಂಬಿ ಮುನ್ಸೂಚನೆ ಕೊಡದೆ ತುಂಡಾಗಬಹುದು. ಹಾಗಾಗಿ ಅಂಗಡಿಯಲ್ಲಿ "550 ಇನ್ನೂ ಗಟ್ಟಿ" ಎಂದಾಗ, ಪಕ್ಕದಲ್ಲಿ 'ಡಿ' ಇದೆಯಾ ಎಂದು ನೋಡಿ. 550ಡಿಗೆ ಕನಿಷ್ಠ 14.5 ಇರಬೇಕು.

ಕಾಂಕ್ರೀಟಿನ ಪರೀಕ್ಷೆ ಸರಳ. 150 ಎಂಎಂ ಕ್ಯೂಬನ್ನು ನೀರಿನಲ್ಲಿಟ್ಟು, 28ನೇ ದಿನ ಒತ್ತಿ ಒಡೆಯುತ್ತೇವೆ. ಒಂದು ಕ್ಯೂಬ್ 450 ಕಿಲೋನ್ಯೂಟನ್, ಅಂದರೆ ಸುಮಾರು 46 ಟನ್ ತಾಳಿದರೆ ಚದರ ಮಿಲಿಮೀಟರಿಗೆ 20 ನ್ಯೂಟನ್ ಲೆಕ್ಕ ಬರುತ್ತದೆ. ತೊಂದರೆ ಇರುವುದು ಸೈಟಿನಲ್ಲಿ. ಕ್ಯೂಬಿಗೆ ಅಂತಲೇ ಸಿಮೆಂಟ್ ಜಾಸ್ತಿ ಹಾಕಿ ಬೇರೆ ಕಲಸಿದರೆ, ನಾವು ಪರೀಕ್ಷಿಸುವುದು ನಿಮ್ಮ ತಾರಸಿಯ ಕಾಂಕ್ರೀಟನ್ನಲ್ಲ. ಮೇಸ್ತ್ರಿ ಕ್ಯೂಬಿನ ಅಚ್ಚು ತುಂಬಿಸುವಾಗ ಪಕ್ಕದಲ್ಲೇ ನಿಲ್ಲಿ. ತಾರಸಿಗೆ ಹೋಗುತ್ತಿರುವ ಬಾಣಲಿಯಿಂದಲೇ ತೆಗೆಸಿ, ತಾರೀಖು ಬರೆಸಿ.

ಕಂಬಿ ತುಂಡನ್ನು ಗ್ಯಾಸ್ ಕಟರಿನಲ್ಲಿ ಕೊಯ್ದು ತರಬೇಡಿ. ಬಿಸಿಗೆ ಅದರ ಹೊರಪದರದ ಗುಣ ಬದಲಾಗುತ್ತದೆ. ಲೋಡು ಇಳಿಸಿದ ದಿನವೇ, ಬೇರೆ ಬೇರೆ ಕಂಬಿಗಳಿಂದ ಮೂರಡಿಯ ತುಂಡುಗಳನ್ನು ಹ್ಯಾಕ್ಸಾದಲ್ಲಿ ಕೊಯ್ಸಿ ತನ್ನಿ. ಸೆಂಟ್ರಿಂಗ್ ಮೇಲೆ ಕಟ್ಟಿದ ಮೇಲೆ ರಿಪೋರ್ಟ್ ಕೆಟ್ಟದಾಗಿ ಬಂದರೆ ಬಿಚ್ಚಿಸುವುದು ಬಹಳ ಕಷ್ಟ.